ವಹಿವಾಟಿನ ಅಂದಾಜು: ನೇರ ಗೆರೆಯೊಂದೇ ಸಾಕೆ?

ಪ್ರತಿ ವರ್ಷ ಫೆಬ್ರುವರಿ ಕಳೆದು ಮಾರ್ಚ್ ಸಮೀಪಿಸಿತೆಂದರೆ ನಮ್ಮಂತಹ ಲೆಕ್ಕ ಪರಿಶೋಧಕರ ಕಚೇರಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಸಾಹೇಬ್ರ, ಬ್ಯಾಂಕಿನವ್ರು ಮುಂದಿನ ವರ್ಷದ ಪ್ರೊಜೆಕ್ಷನ್ ಕೇಳ್ಯಾರ. ಶೇಕಡಾ ಹದಿನೈದು ಏರಿಸಿ ಹಾಕಿ ಕೊಟ್ಟುಬಿಡ್ರಿ.” ಹದಿನೈದೇ ಏಕೆ, ಹನ್ನೊಂದು ಏಕಲ್ಲ ಎಂದು ಮರುಪ್ರಶ್ನೆ ಹಾಕಿದರೆ ಉತ್ತರವಿರುವುದಿಲ್ಲ. ಹಿಂದಿನ ಮೂರು ವರ್ಷಗಳ ವಹಿವಾಟನ್ನು ಮೂರು ಬಿಂದುಗಳಾಗಿ ಗುರುತಿಸಿ, ಅವುಗಳ ನಡುವಿನಿಂದ ಒಂದು ನೇರ ಗೆರೆಯನ್ನೆಳೆದು, ಅದನ್ನೇ ಮುಂದಕ್ಕೆ ಚಾಚುವುದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ವ್ಯಾಪಾರಸ್ಥರಲ್ಲಿಯೂ ಸಣ್ಣ ಉದ್ದಿಮೆದಾರರಲ್ಲಿಯೂ ರೂಢಿಯಾಗಿ ಹೋಗಿದೆ. ಈ ರೂಢಿಗೆ ನಾವು ಲೆಕ್ಕ ಪರಿಶೋಧಕರೂ ಸಮಾನ ಹೊಣೆಗಾರರು.

ಇದು ಕೇವಲ ಕಡತದ ಔಪಚಾರಿಕತೆಯೆಂದು ಭಾವಿಸುವುದು ತಪ್ಪು. ನಾಯಕ್ ಸಮಿತಿಯ ಶಿಫಾರಸಿನನ್ವಯ ರಿಸರ್ವ್ ಬ್ಯಾಂಕು ಹಾಕಿಕೊಟ್ಟ ಸೂತ್ರದಂತೆ, ಕಿರು ಮತ್ತು ಸಣ್ಣ ಘಟಕಗಳಿಗೆ 5 ಕೋಟಿ ರೂಪಾಯಿಗಳವರೆಗಿನ ದುಡಿಯುವ ಬಂಡವಾಳದ ಮಿತಿಯನ್ನು ಅಂದಾಜು ವಾರ್ಷಿಕ ವಹಿವಾಟಿನ ಕನಿಷ್ಠ ಶೇ. 20ರಂತೆ ನಿಗದಿಪಡಿಸಲಾಗುತ್ತದೆ. ಒಟ್ಟು ಅಗತ್ಯವನ್ನು ವಹಿವಾಟಿನ ಶೇ. 25 ಎಂದು ಗಣಿಸಿ, ಉಳಿದ ಶೇ. 5ನ್ನು ಸಾಲಗಾರನು ತನ್ನ ಪಾಲಿನಿಂದ ತರತಕ್ಕದ್ದು. ಗಮನಿಸಬೇಕಾದ ಪದವೆಂದರೆ ‘ಅಂದಾಜು’. ನಡೆದ ವಹಿವಾಟಲ್ಲ, ನಡೆಯಲಿರುವ ವಹಿವಾಟು. ಹೀಗಾಗಿ ನಾವೆಳೆಯುವ ಗೆರೆ ಒಂದಂಗುಲ ಮೇಲೇರಿದರೆ ಸಾಲವೂ ಅದರೊಂದಿಗೆ ಮೇಲೇರುತ್ತದೆ. ಗೆರೆ ಸುಳ್ಳಾದಾಗ ಸಾಲ ಮಾತ್ರ ಸುಳ್ಳಾಗುವುದಿಲ್ಲ.

ಈ ಮಾತನ್ನು ನಾನು ಸ್ವಂತ ತಪ್ಪಿನಿಂದ ಕಲಿತವನು. 2015-16ರಲ್ಲಿ ತೊಗರಿಯ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೇರಿ, ಕಿರುಕುಳ ಮಾರುಕಟ್ಟೆಯಲ್ಲಿ ಬೇಳೆಯು ಕಿಲೋಗ್ರಾಮಿಗೆ 200 ರೂಪಾಯಿಗಳ ಹತ್ತಿರ ಸುಳಿದಾಡಿದ್ದು ವಾಚಕರಿಗೆ ನೆನಪಿರಬಹುದು. ಆಗ ನನ್ನ ಕಕ್ಷಿದಾರರಾದ ಒಬ್ಬ ದಾಲ್ ಮಿಲ್ ಮಾಲೀಕರು ಹೊಸ ಯಂತ್ರಕ್ಕೂ ಹೆಚ್ಚಿನ ಕ್ಯಾಷ್ ಕ್ರೆಡಿಟ್ ಮಿತಿಗೂ ಅರ್ಜಿ ಹಾಕಲು ಬಂದರು. ಮೂರು ವರ್ಷಗಳ ವಹಿವಾಟು ಮೆಟ್ಟಿಲಿನಂತೆ ಏರಿತ್ತು. ನಾನೂ ಹೆಚ್ಚು ವಿಚಾರಿಸದೆ ಗೆರೆ ಎಳೆದೆ. ಮಿತಿ ಮಂಜೂರಾಯಿತು. ಮುಂದಿನ ಹಂಗಾಮಿನಲ್ಲಿ ದೇಶದ ತೊಗರಿ ಉತ್ಪಾದನೆಯು 25.6 ಲಕ್ಷ ಟನ್ನಿನಿಂದ 48.7 ಲಕ್ಷ ಟನ್ನಿಗೆ ಜಿಗಿಯಿತು; ಸರ್ಕಾರವು ಬೋನಸ್ ಸೇರಿ 5,050 ರೂಪಾಯಿಗಳ ಬೆಂಬಲ ಬೆಲೆ ಘೋಷಿಸಿದ್ದರೂ ಗಂಜಿನ ಧಾರಣೆ ಅದಕ್ಕಿಂತ ಕೆಳಗಿಳಿಯಿತು. ಗೋದಾಮಿನಲ್ಲಿದ್ದ ದಾಸ್ತಾನಿನ ಮೌಲ್ಯ ಕುಸಿದು, ಡ್ರಾಯಿಂಗ್ ಪವರ್ ಕುಸಿದು, ಅವರು ಕೊನೆಗೆ ಊರ ಹೊರಗಿನ ಒಂದು ನಿವೇಶನವನ್ನು ಮಾರಿ ಖಾತೆಯನ್ನು ಸರಿಪಡಿಸಿಕೊಳ್ಳಬೇಕಾಯಿತು. ಅವರು ನನ್ನನ್ನು ದೂಷಿಸಲಿಲ್ಲ. ದೂಷಿಸಿದ್ದರೆ ನನಗೆ ಕೊಂಚ ಹಗುರವೆನಿಸುತ್ತಿತ್ತೇನೋ.

ತಪ್ಪು ನಡೆದದ್ದೆಲ್ಲಿ? ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ಒಂದು ಮಿಲ್ಲು ಮೂರೂ ವರ್ಷ 4,000 ಕ್ವಿಂಟಲ್ ಬೇಳೆಯನ್ನೇ ಮಾರಿತೆಂದಿಟ್ಟುಕೊಳ್ಳಿ. ಸರಾಸರಿ ದರ ಮೊದಲ ವರ್ಷ 5,000, ಎರಡನೆಯ ವರ್ಷ 6,500, ಮೂರನೆಯ ವರ್ಷ 8,000 ರೂಪಾಯಿ. ವಹಿವಾಟು ಕ್ರಮವಾಗಿ 2 ಕೋಟಿ, 2.6 ಕೋಟಿ, 3.2 ಕೋಟಿ. ನೇರ ಗೆರೆ ನಾಲ್ಕನೆಯ ವರ್ಷಕ್ಕೆ 3.8 ಕೋಟಿ ಎನ್ನುತ್ತದೆ, ಶೇ. 20ರಂತೆ ಮಿತಿ 76 ಲಕ್ಷ. ದರವು 5,500ಕ್ಕೆ ಇಳಿದರೆ ನಿಜವಾದ ವಹಿವಾಟು 2.2 ಕೋಟಿ ಮಾತ್ರ. ಅದಕ್ಕೆ ತಕ್ಕ ಮಿತಿ 44 ಲಕ್ಷ. ನಡುವಿನ 32 ಲಕ್ಷ ರೂಪಾಯಿ ಯಾವ ವ್ಯಾಪಾರದಿಂದಲೂ ಹುಟ್ಟಿದ್ದಲ್ಲ, ಗೆರೆಯಿಂದ ಹುಟ್ಟಿದ್ದು. ಮಿಲ್ಲು ಒಂದು ಕ್ವಿಂಟಲ್ ಕೂಡ ಬೆಳೆದಿರಲಿಲ್ಲ.

ಆದುದರಿಂದ ಮೊದಲನೆಯ ಸೂತ್ರ: ಪ್ರಮಾಣವನ್ನೂ ದರವನ್ನೂ ಬೇರೆ ಬೇರೆ ನೋಡತಕ್ಕದ್ದು. ಇದು ಅನುಭವಸ್ಥ ವ್ಯಾಪಾರಿಗೆ ಹೊಸದೇನಲ್ಲ. ಎರಡನೆಯದು ಕಡಿಮೆ ಪರಿಚಿತ. ವ್ಯಾಪಾರದ ಸಂಬಂಧಗಳು ಬಹುಮಟ್ಟಿಗೆ ಬಾಗುತ್ತವೆ. ಬಾಗುವುದನ್ನು ಅಳೆಯಲು ಬಾಗಬಲ್ಲ ಗೆರೆ ಬೇಕು. ಸಂಖ್ಯಾಶಾಸ್ತ್ರಜ್ಞರು ಇದಕ್ಕಾಗಿ ಕಳೆದ ನೂರು ವರ್ಷಗಳಲ್ಲಿ ರೂಪಿಸಿದ ವಿಧಾನಗಳಿಗೆ ‘ಸ್ಮೂತಿಂಗ್’ ಎನ್ನುತ್ತಾರೆ. ನಾವು ‘ನಯಗೊಳಿಸುವಿಕೆ’ ಎನ್ನೋಣ. ಸಣ್ಣ ವ್ಯಾಪಾರಿಗೆ ಇದೇಕೆ ಎಂದು ಹುಬ್ಬೇರಿಸುವವರು ದಯವಿಟ್ಟು ಎರಡು ಪುಟ ಸಹನೆಯಿಂದ ಓದಬೇಕೆಂದು ವಿನಂತಿ.

ಬಿ.ಕಾಂ. ತರಗತಿಯಲ್ಲಿ ನಾವೆಲ್ಲರೂ ‘ಕನಿಷ್ಠ ವರ್ಗ ವಿಧಾನ’ವನ್ನು ಕಲಿತಿದ್ದೇವೆ. ಬಿಂದುಗಳಿಂದ ಗೆರೆಗಿರುವ ಅಂತರಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ನೇರ ಗೆರೆಯನ್ನು ಎಳೆಯುವುದೇ ಆ ವಿಧಾನ. ಅದಕ್ಕೆ ಹಿಂಚಲನೆ ಅಥವಾ ರಿಗ್ರೆಷನ್ ಗೆರೆಯೆಂದು ಹೆಸರು. ಪಠ್ಯದಲ್ಲಿ ಅದರ ಪಕ್ಕದಲ್ಲಿಯೇ ‘ಚಲಿಸುವ ಸರಾಸರಿ’ ಎಂಬ ಅಧ್ಯಾಯವೂ ಇತ್ತು. ಪ್ರತಿ ತಿಂಗಳಿಗೂ ಅದರ ಆಚೀಚಿನ ತಿಂಗಳುಗಳನ್ನು ಸೇರಿಸಿ ಸರಾಸರಿ ತೆಗೆದರೆ ಏರುಪೇರು ಅಡಗಿ ಒಳಗಿನ ಪ್ರವೃತ್ತಿ ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ ನಾವು ಮರೆತದ್ದು ಈ ಎರಡನೆಯ ಅಧ್ಯಾಯವನ್ನು. ನಯಗೊಳಿಸುವಿಕೆಯ ಬೀಜವಿರುವುದೇ ಅದರಲ್ಲಿ. ಇಡೀ ದತ್ತಾಂಶಕ್ಕೆ ಒಂದೇ ಗೆರೆಯನ್ನು ಹೇರದೆ, ಪ್ರತಿಯೊಂದು ಸ್ಥಳದಲ್ಲಿಯೂ ಅದರ ನೆರೆಹೊರೆಯನ್ನು ಮಾತ್ರ ವಿಚಾರಿಸುವುದು. ಹತ್ತಿರದವರ ಮಾತಿಗೆ ಹೆಚ್ಚು ತೂಕ, ದೂರದವರ ಮಾತಿಗೆ ಕಡಿಮೆ ತೂಕ. 1979ರಲ್ಲಿ ಅಮೆರಿಕದ ವಿಲಿಯಂ ಕ್ಲೀವ್‌ಲ್ಯಾಂಡ್ ಅವರು ಈ ತತ್ವವನ್ನು ಬೆಳೆಸಿ, ನೆರೆಹೊರೆಯಲ್ಲಿ ಸರಾಸರಿಯ ಬದಲು ಪುಟ್ಟ ಪುಟ್ಟ ನೇರ ಗೆರೆಗಳನ್ನು ಹೊಂದಿಸಿ ಜೋಡಿಸುವ ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ಇನ್ನೊಂದು ಜಾಣತನವೂ ಇದೆ: ಗುಂಪಿನಿಂದ ಬಹಳ ದೂರ ನಿಂತ ಬಿಂದುವಿನ ತೂಕವನ್ನು ತಾನಾಗಿಯೇ ತಗ್ಗಿಸುತ್ತದೆ. ಒಂದೇ ಬಾರಿ ಸಿಕ್ಕ ದೊಡ್ಡ ಸರ್ಕಾರಿ ಪೂರೈಕೆಯ ಆದೇಶವು ನಮ್ಮ ಇಡೀ ಮುಂಗಾಣ್ಕೆಯನ್ನು ಮೇಲಕ್ಕೆಳೆಯಬಾರದಲ್ಲವೇ, ಅದಕ್ಕಾಗಿ.

ಇನ್ನೊಂದು ಮಾರ್ಗ ವಿಮಾ ಗಣಿತದಿಂದ ಬಂದದ್ದು. ಇಷ್ಟು ವಯಸ್ಸಿನವರಲ್ಲಿ ಇಷ್ಟು ಮಂದಿ ಮರಣ ಹೊಂದಿದರೆಂಬ ನೇರ ಲೆಕ್ಕವು ಯಾವಾಗಲೂ ಹಲ್ಲುಹಲ್ಲಾಗಿರುತ್ತದೆ. 41 ವಯಸ್ಸಿನವರ ಮರಣದರವು 42ರವರಿಗಿಂತ ಹೆಚ್ಚಾಗಿ ಕಂಡರೆ ಅದು ಆಕಸ್ಮಿಕವೇ ಹೊರತು ನಿಯಮವಲ್ಲ. ಆದುದರಿಂದ ಕಂತಿನ ದರ ನಿಗದಿಗೆ ಮುನ್ನ ಆ ಕೋಷ್ಟಕವನ್ನು ನಯಗೊಳಿಸಲೇಬೇಕು. 1923ರಲ್ಲಿ ಎಡಿನ್‌ಬರೋದ ಗಣಿತಜ್ಞ ಇ. ಟಿ. ವಿಟ್ಟೇಕರ್ ಇದಕ್ಕೊಂದು ಸೊಗಸಾದ ಕ್ರಮವನ್ನು ಸೂಚಿಸಿದರು. ಗೆರೆಗೆ ಎರಡು ದಂಡಗಳನ್ನು ವಿಧಿಸಿರಿ. ದತ್ತಾಂಶದಿಂದ ದೂರ ಸರಿದರೆ ಒಂದು ದಂಡ, ಅನಾವಶ್ಯಕವಾಗಿ ಡೊಂಕಾದರೆ ಇನ್ನೊಂದು ದಂಡ. ಎರಡರ ಮೊತ್ತ ಅತಿ ಕಡಿಮೆಯಾಗುವ ಗೆರೆಯೇ ಒಳ್ಳೆಯ ಗೆರೆ. ದಾಸ್ತಾನು ಇಟ್ಟರೆ ಬಡ್ಡಿಯ ಹೊರೆ, ಇಡದಿದ್ದರೆ ಗಿರಾಕಿ ಕೈತಪ್ಪುವ ನಷ್ಟ, ಎರಡನ್ನೂ ತೂಗಿ ಮಧ್ಯದ ಪ್ರಮಾಣವನ್ನು ಆರಿಸುವ ವ್ಯಾಪಾರಿಗೆ ಈ ತರ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಇಂದು ‘ಸ್ಪ್ಲೈನ್’ ಎಂದು ಕರೆಯುವ ವಿಧಾನವು ಇದರ ಬಳಗಕ್ಕೇ ಸೇರಿದ್ದು. ಆ ಪದವೂ ಕಾರ್ಖಾನೆಯದೇ: ಹಡಗು ಕಟ್ಟುವವರು ವಕ್ರರೇಖೆಗಳನ್ನು ಬರೆಯಲು ಬಳಸುತ್ತಿದ್ದ ತೆಳುವಾದ, ಬಾಗುವ ಮರದ ಪಟ್ಟಿಗೆ ಆ ಹೆಸರಿತ್ತು, ಸೀಸದ ತೂಕಗಳನ್ನಿಟ್ಟು ಅದನ್ನು ಬೇಕಾದ ಬಿಂದುಗಳಲ್ಲಿ ಹಿಡಿದಿಡುತ್ತಿದ್ದರು.

ಇವೆಲ್ಲ ವಿಲಾಯತಿ ಮಾತಾಯಿತು ಎನ್ನುವವರಿಗೆ ನಮ್ಮ ದೇಶದ್ದೇ ಆದ, ಕಾಗದ ಪೆನ್ಸಿಲ್ಲಿನಿಂದ ಮಾಡಬಹುದಾದ ಒಂದು ವಿಧಾನವನ್ನು ತಿಳಿಸುವೆನು. ಈ ಲೇಖನದ ಮುಖ್ಯ ಉದ್ದೇಶವೂ ಅದೇ. 1931ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸ್ ಅವರು 1960ರಲ್ಲಿ ‘ಇಕಾನೊಮೆಟ್ರಿಕಾ’ ಪತ್ರಿಕೆಯಲ್ಲಿ ‘ಫ್ರಾಕ್ಟೈಲ್ ಗ್ರಾಫಿಕಲ್ ಅನಾಲಿಸಿಸ್’ ಎಂಬ ವಿಧಾನವನ್ನು ಪ್ರಕಟಿಸಿದರು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕುಟುಂಬಗಳನ್ನು ತಲಾ ವೆಚ್ಚದ ಕ್ರಮದಲ್ಲಿ ಬಡವರಿಂದ ಶ್ರೀಮಂತರವರೆಗೆ ಜೋಡಿಸಿ, ಸಮಸಂಖ್ಯೆಯ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಸರಾಸರಿಯನ್ನು ನಕ್ಷೆಯಲ್ಲಿ ಗುರುತಿಸಿ ಗೆರೆಯಿಂದ ಜೋಡಿಸುವುದು ಅದರ ಸಾರ. ಗೆರೆ ನೇರವಾಗಿರಬೇಕೆಂಬ ಮುಂಷರತ್ತಿಲ್ಲ. ದತ್ತಾಂಶ ಎತ್ತ ಬಾಗುವುದೋ ಗೆರೆಯೂ ಅತ್ತ ಬಾಗುತ್ತದೆ. ಇಂದಿನ ನಯಗೊಳಿಸುವ ರಿಗ್ರೆಷನ್ ವಿಧಾನಗಳಿಗೆ ಇದೊಂದು ಪೂರ್ವಸೂಚನೆಯೆಂದು ವಿದ್ವಾಂಸರು ಮನ್ನಿಸಿದ್ದಾರೆ. ಅದೇ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು ಜಗತ್ಪ್ರಸಿದ್ಧರಾದ ಸಿ. ಆರ್. ರಾವ್ (1920–2023) ಹುಟ್ಟಿದ್ದು ನಮ್ಮ ಕಲ್ಯಾಣ ಕರ್ನಾಟಕದ ಹೂವಿನ ಹಡಗಲಿಯಲ್ಲಿ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು.

ಮಹಲನೋಬಿಸ್ ಅವರ ಕ್ರಮದ ನಿಜವಾದ ಸ್ವಾರಸ್ಯ ಮುಂದಿದೆ. ಅವರು ಮಾದರಿಯನ್ನು ಎರಡು ಸ್ವತಂತ್ರ ಭಾಗಗಳಾಗಿ ಇಟ್ಟುಕೊಂಡು ಎರಡಕ್ಕೂ ಪ್ರತ್ಯೇಕ ಗೆರೆ ಎಳೆಯುತ್ತಿದ್ದರು. ಎರಡು ಗೆರೆಗಳ ನಡುವಿನ ಅಂತರವೇ ದೋಷದ ಅಳತೆ. ಎರಡೂ ಜೊತೆಜೊತೆಯಾಗಿ ಸಾಗಿದ ಕಡೆ ನಂಬಬಹುದು. ದೂರ ದೂರವಾದ ಕಡೆ ನಂಬಲಾಗದು. ಒಂದೇ ರೋಕಡವನ್ನು ಇಬ್ಬರು ಗುಮಾಸ್ತರಿಂದ ಬೇರೆ ಬೇರೆ ಕೂಡಿಸಿ ನೋಡುವ ಹಳೆಯ ಪೇಟೆಯ ಪದ್ಧತಿಯನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುವುದು.

ಇದನ್ನು ದಾಲ್ ಮಿಲ್ಲಿಗೆ ಅನ್ವಯಿಸಿ ನೋಡೋಣ. ತೊಗರಿಗೆ ಎಣ್ಣೆ, ನೀರು ಹಚ್ಚಿ, ಬಿಸಿಲಿಗೆ ಹರವಿ, ಒಣಗಿಸಿ ಮಿಲ್ಲಿಗೆ ಹಾಕುವಾಗ ಕಾಳಿನ ತೇವಾಂಶಕ್ಕೂ ಬೇಳೆಯ ಇಳುವರಿಗೂ ಇರುವ ಸಂಬಂಧ ಎಂತಹದು? ತೇವ ಹೆಚ್ಚಿದ್ದರೆ ಸಿಪ್ಪೆ ಸಡಿಲವಾಗದೆ, ಮತ್ತೆ ಮತ್ತೆ ಉಜ್ಜಿ ಕಾಳು ಪುಡಿಯಾಗುತ್ತದೆ. ಅತಿಯಾಗಿ ಒಣಗಿದರೆ ಬೇಳೆ ಒಡೆದು ನುಚ್ಚು ಹೆಚ್ಚಾಗುತ್ತದೆ. ಮಧ್ಯದಲ್ಲೆಲ್ಲೋ ಒಂದು ಹದವಿದೆ. ಅಂದರೆ ಈ ಸಂಬಂಧವು ಗುಡ್ಡದ ಆಕಾರದ್ದು: ಏರಿ ಇಳಿಯುವಂಥದು. ಇಂತಹ ಗುಡ್ಡದ ಮೇಲೆ ನೇರ ಗೆರೆಯನ್ನೆಳೆದರೆ ಅದು ಬಹುತೇಕ ಚಪ್ಪಟೆಯಾಗಿ ಮಲಗುತ್ತದೆ. “ತೇವಾಂಶಕ್ಕೂ ಇಳುವರಿಗೂ ಸಂಬಂಧವೇ ಇಲ್ಲ” ಎಂಬ ತೀರ್ಪನ್ನು ನೀಡುತ್ತದೆ! ಮಿಲ್ಲಿನ ಹಿರಿಯ ಮೇಸ್ತ್ರಿ ಈ ತೀರ್ಪನ್ನು ಕೇಳಿದರೆ ನಕ್ಕಾನು.

ಈಗ ಮಿಲ್ಲಿನ ಲಾಟು ಪುಸ್ತಕವನ್ನು ತೆರೆಯಿರಿ. ಕಳೆದ ಹಂಗಾಮಿನ 60 ಲಾಟುಗಳ ತೇವಾಂಶವನ್ನೂ ಬೇಳೆಯ ಇಳುವರಿಯನ್ನೂ ಬರೆದಿಟ್ಟಿದ್ದೀರೆಂದುಕೊಳ್ಳೋಣ. ತೇವಾಂಶದ ಏರಿಕೆಯ ಕ್ರಮದಲ್ಲಿ ಅವನ್ನು ಜೋಡಿಸಿ, ಹತ್ತು ಹತ್ತು ಲಾಟುಗಳ ಆರು ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿ ತೇವಾಂಶ ಮತ್ತು ಸರಾಸರಿ ಇಳುವರಿಯನ್ನು ಚೌಕುಳಿ ಕಾಗದದ ಮೇಲೆ ಗುರುತಿಸಿರಿ. ಅನಂತರ ಬೆಸ ಸಂಖ್ಯೆಯ ಲಾಟುಗಳಿಗೊಂದು, ಸಮ ಸಂಖ್ಯೆಯ ಲಾಟುಗಳಿಗೊಂದು ಹೀಗೆ ಐದೈದರ ಆರು ಗುಂಪುಗಳ ಎರಡು ಗೆರೆಗಳನ್ನು ಎಳೆಯಿರಿ. ಎರಡೂ ಗೆರೆಗಳ ಶಿಖರ ಒಂದೇ ಕಡೆ ಬಂದರೆ ಅದೇ ನಿಮ್ಮ ಮಿಲ್ಲಿನ ಹದ. ಬೇರೆ ಬೇರೆ ಕಡೆ ಬಂದರೆ ಇನ್ನೊಂದು ಹಂಗಾಮಿನ ದಾಖಲೆ ಕೂಡಿಬರುವವರೆಗೆ ಒಣಗಿಸುವ ಕ್ರಮವನ್ನು ಬದಲಿಸಲು ಹೋಗಬೇಡಿ. ಇದಕ್ಕೆ ಖರ್ಚೆಂದರೆ ಒಂದು ತೇವಾಂಶ ಮಾಪಕ ಮತ್ತು ಬರೆದಿಡುವ ಶ್ರದ್ಧೆ. ಎರಡನೆಯದೇ ನಮ್ಮಲ್ಲಿ ದುರ್ಲಭ. ಕಾಟಾ ಚೀಟಿಯನ್ನು ಜೋಪಾನವಾಗಿಡುವ ನಾವು ಲಾಟಿನ ಇಳುವರಿಯನ್ನು ಬಾಯಿಲೆಕ್ಕದಲ್ಲಿಯೇ ಬಿಡುತ್ತೇವೆ.

ತೊಗರಿಯ ದರಕ್ಕೂ ಮಿಲ್ಲುಗಳಿಗೆ ದೊರೆಯುವ ಆವಕಕ್ಕೂ ಇರುವ ಸಂಬಂಧವೂ ಇಂತಹುದೇ. ಧಾರಣೆಯು ಬೆಂಬಲ ಬೆಲೆಗಿಂತ ಮೇಲಿರುವಾಗ ರೈತರ ಮಾಲು ಗಂಜಿಗೆ ಬರುತ್ತದೆ. ಕೆಳಗಿಳಿದರೆ ಖರೀದಿ ಕೇಂದ್ರದತ್ತ ಹೊರಳುತ್ತದೆ. ಬೆಂಬಲ ಬೆಲೆಯ ಬಳಿ ಗೆರೆ ಮುರಿಯುತ್ತದೆ. ಆ ಮುರಿಯುವ ಬಿಂದುವಾದರೂ ಸ್ಥಿರವೇ? 2016-17ರಲ್ಲಿ 5,050 ಇದ್ದುದು 2020-21ಕ್ಕೆ 6,000, 2023-24ಕ್ಕೆ 7,000, 2025-26ಕ್ಕೆ 8,000 ರೂಪಾಯಿಗಳಾಗಿದೆ. ಐನಾಪುರದ ಕಡೆ ಹಳ್ಳಿ ಖರೀದಿ ಮಾಡುವ ಪರಿಚಿತರೊಬ್ಬರು ತಮ್ಮ ಡೈರಿಯಲ್ಲಿ ಧಾರಣೆಯನ್ನು ಬರೆಯುವಾಗ ಅದರ ಪಕ್ಕದಲ್ಲಿ ‘ಬೆಂಬಲಕ್ಕಿಂತ ಇಷ್ಟು ಮೇಲೆ’ ಅಥವಾ ‘ಇಷ್ಟು ಕೆಳಗೆ’ ಎಂದು ನಮೂದಿಸುತ್ತಾರೆ. ಯಾವ ಪದವಿಯೂ ಇಲ್ಲದ ಅವರು ಸರಿಯಾದ ಅಳತೆಗೋಲನ್ನು ಆರಿಸಿಕೊಂಡಿದ್ದಾರೆ.

ಇಲ್ಲಿ ಒಂದು ತೊಡಕಿನ ಪ್ರಶ್ನೆ ಎದುರಾಗುತ್ತದೆ. ಎಷ್ಟು ನಯಗೊಳಿಸಬೇಕು? ಗುಂಪಿಗೆ ಹತ್ತು ಲಾಟು ಏಕೆ, ಎರಡು ಏಕಲ್ಲ, ಮೂವತ್ತು ಏಕಲ್ಲ? ಶಹಾಬಾದ ಕಲ್ಲಿನ ಪಾಲಿಶ್ ಘಟಕಗಳನ್ನು ನೋಡಿದವರಿಗೆ ಉತ್ತರದ ಅರ್ಧ ಗೊತ್ತು. ಕಡಿಮೆ ಉಜ್ಜಿದರೆ ಗಣಿಯಿಂದ ಬಂದ ಒರಟುತನ ಉಳಿಯುತ್ತದೆ. ಅತಿಯಾಗಿ ಉಜ್ಜಿದರೆ ಹಾಸುಗಲ್ಲು ತೆಳುವಾಗಿ ಸೀಳುತ್ತದೆ. ಗುಂಪು ಚಿಕ್ಕದಾದರೆ ಆಕಸ್ಮಿಕವನ್ನೇ ನಿಯಮವೆಂದು ನಂಬುತ್ತೇವೆ, ದೊಡ್ಡದಾದರೆ ನಿಜವಾದ ಗುಡ್ಡವೇ ಸವೆದುಹೋಗುತ್ತದೆ. ಉಳಿದರ್ಧಕ್ಕೆ ಸಂಖ್ಯಾಶಾಸ್ತ್ರಜ್ಞರ ಬಳಿ ‘ಕ್ರಾಸ್ ವ್ಯಾಲಿಡೇಷನ್’ ಎಂಬ ಪರೀಕ್ಷೆಯಿದೆ. ಒಂದು ಲಾಟನ್ನು ಮುಚ್ಚಿಡಿ. ಅದರ ಗುಂಪಿನ ಉಳಿದ ಲಾಟುಗಳ ಸರಾಸರಿಯಿಂದ ಅದರ ಇಳುವರಿಯನ್ನು ಊಹಿಸಿ. ಆಮೇಲೆ ತೆರೆದು, ಎಷ್ಟು ತಪ್ಪಿತೆಂದು ಬರೆದಿಡಿ. ಅರವತ್ತಕ್ಕೂ ಹೀಗೆ ಮಾಡಿ ತಪ್ಪುಗಳ ವರ್ಗಗಳನ್ನು ಕೂಡಿಸಿ. ನಾಲ್ಕು ಗುಂಪು, ಆರು ಗುಂಪು, ಹತ್ತು ಗುಂಪು, ಈ ಮೂರರಲ್ಲಿ ಯಾವುದರ ಮೊತ್ತ ಕಡಿಮೆಯೋ ಅದನ್ನು ಆರಿಸಿಕೊಳ್ಳಿ. ಎಕ್ಸೆಲ್ ಬಲ್ಲ ಹುಡುಗನಿಗೆ ಇದು ಒಂದು ಮಧ್ಯಾಹ್ನದ ಕೆಲಸ. ತಿಂಗಳ ಮಾರಾಟದ ಲೆಕ್ಕದಲ್ಲಾದರೆ ಕೊನೆಯ ವರ್ಷವನ್ನು ಮುಚ್ಚಿಟ್ಟು, ಅದರ ಹಿಂದಿನವುಗಳಿಂದ ಅದನ್ನು ಊಹಿಸಿ ನೋಡತಕ್ಕದ್ದು. 2015-16ರಲ್ಲಿ ನಾನು ಇಷ್ಟನ್ನೇ ಮಾಡಿ, ಹಿಂದಿನ ಏರಿಳಿತಗಳ ಮೇಲೆ ನನ್ನ ಗೆರೆಯನ್ನು ಪರೀಕ್ಷಿಸಿದ್ದರೆ ಅದರ ಬಂಡವಾಳ ಬಯಲಾಗುತ್ತಿತ್ತು.

ನಯಗೊಳಿಸುವಿಕೆಯ ಗುಣಗಾನವಷ್ಟೇ ಮಾಡಿ ನಿಲ್ಲಿಸಿದರೆ ವಾಚಕರಿಗೆ ಅನ್ಯಾಯವಾದೀತು. ಇಂದು ಅನೇಕ ತಂತ್ರಾಂಶಗಳು ಗುಂಡಿ ಒತ್ತಿದೊಡನೆ ಸುಂದರವಾದ ನಯ ಗೆರೆಯನ್ನು ಎಳೆದುಕೊಡುತ್ತವೆ. ಎಷ್ಟು ನಯಗೊಳಿಸಿದೆ ಎಂಬುದನ್ನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಅಪಾಯ ಇರುವುದು ಅಲ್ಲಿಯೇ.

1927ರಲ್ಲಿ ರಷ್ಯದ ಅರ್ಥಶಾಸ್ತ್ರಜ್ಞ ಯೆವ್ಗೆನಿ ಸ್ಲುಟ್ಸ್ಕಿ ಒಂದು ಪ್ರಯೋಗ ಮಾಡಿದರು. ಸರ್ಕಾರಿ ಲಾಟರಿಯಲ್ಲಿ ಬಂದ ಅಂಕಿಗಳನ್ನು ಸಾಲಾಗಿ ಬರೆದು, ಹತ್ತು ಹತ್ತರ ಚಲಿಸುವ ಮೊತ್ತವನ್ನು ತೆಗೆದರು. ಯಾವ ಕ್ರಮವೂ ಇಲ್ಲದ ಆ ಅಂಕಿಗಳಿಂದ ಏರಿಳಿಯುವ ಅಲೆಗಳು ಹೊರಟವು. ಅವುಗಳ ಒಂದು ತುಣುಕು 1855ರಿಂದ 1877ರವರೆಗಿನ ಇಂಗ್ಲೆಂಡಿನ ವ್ಯಾಪಾರ ಚಕ್ರವನ್ನು ಆಶ್ಚರ್ಯಕರವಾಗಿ ಹೋಲುತ್ತಿತ್ತು! ಲಾಟರಿಗೆ ತೇಜಿ ಮಂದಿ ಎಲ್ಲಿಯದು? ನಯಗೊಳಿಸುವ ಕ್ರಿಯೆಯೇ ಅಲೆಯನ್ನು ಸೃಷ್ಟಿಸಿತ್ತು. “ಮೂರು ವರ್ಷಕ್ಕೊಮ್ಮೆ ತೊಗರಿ ತೇಜಿ ಆಗೇ ಆಗ್ತದ” ಎಂದು ಗಂಜಿನ ಕಟ್ಟೆಯ ಮೇಲೆ ಆಣೆ ಮಾಡಿ ಹೇಳುವವರು ಈ ಪ್ರಯೋಗವನ್ನು ಒಮ್ಮೆ ಮನನ ಮಾಡುವುದೊಳಿತು.

ಎರಡನೆಯ ಅಪಾಯ ಪ್ರಪಾತಗಳದ್ದು. 2016ರ ನವೆಂಬರ್ 8ರ ನೋಟು ಅಮಾನ್ಯೀಕರಣ, 2017ರ ಜುಲೈ 1ರ ಜಿ.ಎಸ್.ಟಿ., 2020ರ ಮಾರ್ಚ್ 25ರ ಲಾಕ್‌ಡೌನ್, ಇವು ಇಳಿಜಾರುಗಳಲ್ಲ, ಕಡಿದ ಬಂಡೆಗಳು. ನಯಗೊಳಿಸುವ ಗೆರೆಯು ಬಂಡೆಯನ್ನು ಇಳಿಜಾರಾಗಿ ತೋರಿಸುತ್ತದೆ. ಹನ್ನೆರಡು ತಿಂಗಳ ಕೇಂದ್ರಿತ ಸರಾಸರಿಯಲ್ಲಿ 2020ರ ಏಪ್ರಿಲ್ ತಿಂಗಳ ಶೂನ್ಯ ವಹಿವಾಟು 2019ರ ಅಕ್ಟೋಬರಿನಷ್ಟು ಹಿಂದಿನ ಸರಾಸರಿಯನ್ನೂ ಕೆಳಗೆಳೆಯುತ್ತದೆ. ನಕ್ಷೆಯನ್ನು ಮಾತ್ರ ನೋಡಿದ ಬ್ಯಾಂಕ್ ಅಧಿಕಾರಿ “ಈ ಘಟಕದ ಮಾರಾಟ ದೀಪಾವಳಿಯಿಂದಲೇ ಇಳಿಮುಖವಾಗಿತ್ತು” ಎಂದು ಷರಾ ಬರೆದರೆ ಅದು ಘಟಕಕ್ಕೆ ಮಾಡಿದ ಅಪಚಾರ. ಇಂತಹ ದಿನಾಂಕಗಳಲ್ಲಿ ಗೆರೆಯನ್ನು ಕತ್ತರಿಸಿ, ಎರಡೂ ಬದಿಗೆ ಬೇರೆ ಬೇರೆ ನಯಗೊಳಿಸತಕ್ಕದ್ದು. ವಾಡಿ, ಸೇಡಂ ಭಾಗದ ಸಿಮೆಂಟ್ ವ್ಯಾಪಾರಿಗಳಿಗೆ ಇತ್ತೀಚಿನ ನಿದರ್ಶನವಿದೆ: 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಮೂಲ ಬೆಲೆ ಬದಲಾಗದಿದ್ದರೂ ತೆರಿಗೆ ಸಹಿತ ಬೆಲೆ 128ರಿಂದ 118ಕ್ಕೆ, ಅಂದರೆ ಸುಮಾರು ಶೇ. 7.8ರಷ್ಟು ಇಳಿದಂತೆ. ತೆರಿಗೆ ಸಹಿತ ಮೊತ್ತವನ್ನೇ ಮಾರಾಟವೆಂದು ಬರೆದಿಟ್ಟವರ ನಕ್ಷೆಯಲ್ಲಿ ವ್ಯಾಪಾರ ಕುಗ್ಗಿದಂತೆ ಕಾಣುವುದು. ಚೀಲಗಳ ಲೆಕ್ಕ ಇಟ್ಟವರಿಗೆ ಈ ಬಾಧೆಯಿಲ್ಲ. ಸಿಮೆಂಟಿಗೆ ಮಳೆಗಾಲದ ಇಳಿತ, ಮಾರ್ಚಿನ ಏರಿಕೆ ಪ್ರತಿ ವರ್ಷದ ಮಾತಾದ್ದರಿಂದ, ಜುಲೈಯನ್ನು ಜೂನಿನೊಂದಿಗಲ್ಲ, ಹಿಂದಿನ ಜುಲೈಯೊಂದಿಗೆ ಹೋಲಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ನಯ ಗೆರೆ ಅತ್ಯಂತ ದುರ್ಬಲವಾಗಿರುವುದು ತನ್ನ ಎರಡು ತುದಿಗಳಲ್ಲಿ. ನಡುವಿನ ಬಿಂದುವಿಗೆ ಎರಡೂ ಕಡೆ ನೆರೆಹೊರೆಯುಂಟು, ಕೊನೆಯ ಬಿಂದುವಿಗೆ ಒಂದೇ ಕಡೆ. ಅಂದಾಜಿಗೆ ನಮಗೆ ಬೇಕಾದದ್ದಾದರೋ ಆ ಕೊನೆಯ ತುದಿಯೇ, ಅದರಾಚೆಯದೇ. ಹೀಗಾಗಿ ಯಾವ ವಿಧಾನವೂ ಮುಂದಿನ ವರ್ಷಕ್ಕೆ ಒಂದೇ ಅಂಕಿಯನ್ನು ಪ್ರಾಮಾಣಿಕವಾಗಿ ಕೊಡಲಾರದು. ಮೇಲಿನದೊಂದು, ಕೆಳಗಿನದೊಂದು ಎಂದು ಎರಡು ಅಂಕಿಗಳನ್ನು ಕೊಡಬಹುದು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ತೊಗರಿ ಒಣಗಿದಾಗ ಯಾವ ಗೆರೆಯೂ ಅದನ್ನು ಮುಂದಾಗಿ ಹೇಳಿರಲಿಲ್ಲ.

ಒಂದು ಎಚ್ಚರಿಕೆಯ ಮಾತು. ನಯಗೊಳಿಸುವುದೆಂದರೆ ಲೆಕ್ಕಪುಸ್ತಕವನ್ನೇ ನಯಗೊಳಿಸುವುದೆಂದು ಯಾರೂ ತಿಳಿಯಬಾರದು. ಈ ವರ್ಷದ ಲಾಭವನ್ನು ತುಸು ಮುಂದಿನ ವರ್ಷಕ್ಕೆ ದೂಡಿ, ನಷ್ಟದ ವರ್ಷದಲ್ಲಿ ದಾಸ್ತಾನಿನ ಮೌಲ್ಯವನ್ನು ಏರಿಸಿ, ಎಲ್ಲ ವರ್ಷವೂ ಸಮನಾಗಿ ಕಾಣುವಂತೆ ಮಾಡುವ ಚಾಳಿ ಬೇರೆ. ಅದರ ಕೊನೆ ಏನೆಂಬುದನ್ನು 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷರ ಪತ್ರ ಹೊರಬಿದ್ದಾಗ ದೇಶವೇ ಕಂಡಿತು. ಕಿರ್ದಿ ಒರಟಾಗಿಯೇ ಇರಲಿ. ಉಜ್ಜುವ ಕೆಲಸ ನಕ್ಷೆಯ ಕಾಗದದ ಮೇಲೆ ನಡೆಯಲಿ, ಮತ್ತು ಎಷ್ಟು ಉಜ್ಜಿದ್ದೇವೆಂಬುದನ್ನು ಅದರ ಕೆಳಗೆ ಬರೆದಿರಲಿ.

ನನ್ನ ವೃತ್ತಿಬಾಂಧವರಲ್ಲಿಯೂ ಒಂದು ನಿವೇದನೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಎರಡನೆಯ ಅನುಸೂಚಿಯ ಪ್ರಕಾರ, ಭವಿಷ್ಯದ ಗಳಿಕೆಯ ಅಂದಾಜಿನ ನಿಖರತೆಗೆ ನಾವೇ ಜಾಮೀನು ನಿಂತಿದ್ದೇವೆಂಬ ಭಾವನೆ ಬರುವಂತೆ ನಮ್ಮ ಹೆಸರನ್ನು ಬಳಸಗೊಡುವುದು ವೃತ್ತಿ ದುರ್ನಡತೆ. ಮುಂಗಾಣ್ಕೆಯ ಹಣಕಾಸು ಮಾಹಿತಿಯ ಪರಿಶೀಲನೆಗೆ ಎಸ್.ಎ.ಇ. 3400 ಎಂಬ ಮಾನದಂಡವೇ ಇದೆ. ಊಹೆಗಳ ಹೊಣೆ ವ್ಯವಸ್ಥಾಪಕರದು, ಅವನ್ನು ಸ್ಪಷ್ಟವಾಗಿ ಬಿಚ್ಚಿಡುವುದು ಅಗತ್ಯ. ಆದಾಗ್ಯೂ ‘ಶೇ. 15ರ ಬೆಳವಣಿಗೆ ಊಹಿಸಲಾಗಿದೆ’ ಎಂಬ ಒಂದು ಸಾಲಿನಿಂದ ನಾವು ಕೈತೊಳೆದುಕೊಳ್ಳುತ್ತಿದ್ದೇವೆ. ಪ್ರಮಾಣದ ಗೆರೆ, ದರದ ಗೆರೆ, ಎಷ್ಟು ತಿಂಗಳ ಸರಾಸರಿ, ಯಾವ ದಿನಾಂಕಗಳಲ್ಲಿ ಕತ್ತರಿಸಲಾಗಿದೆ, ಕೊನೆಯ ವರ್ಷವನ್ನು ಮುಚ್ಚಿಟ್ಟು ಊಹಿಸಿದಾಗ ಎಷ್ಟು ತಪ್ಪಿತು, ಇಷ್ಟನ್ನು ಒಂದೇ ಪುಟದಲ್ಲಿ ಲಗತ್ತಿಸಲು ಯಾವ ಅಡ್ಡಿಯೂ ಇಲ್ಲ.

ಬ್ಯಾಂಕುಗಳೂ ಬದಲಾಗಬೇಕು. ಕಳೆದ ವರ್ಷಕ್ಕಿಂತ ಕಡಿಮೆ ಅಂದಾಜನ್ನು ಬರೆದುಕೊಟ್ಟ ಉದ್ದಿಮೆದಾರನನ್ನು ಇಂದು ಅನುಮಾನದಿಂದ ನೋಡಲಾಗುತ್ತದೆ, ಇದ್ದ ಮಿತಿಯನ್ನೂ ಕಡಿತಗೊಳಿಸುವ ಮಾತು ಬರುತ್ತದೆ. ಹಾಗಿರುವಾಗ ಯಾರು ತಾನೇ ನಿಜವನ್ನು ಬರೆದಾರು? ತೊಗರಿಯಂತಹ ಹಂಗಾಮಿನ ಸರಕಿನ ಘಟಕಗಳಿಗೆ ಒಂದೇ ಅಂಕಿಯ ಬದಲು ಮೇಲಿನ ಮತ್ತು ಕೆಳಗಿನ ಎರಡು ಅಂದಾಜುಗಳನ್ನು ಸ್ವೀಕರಿಸಿ, ಕೆಳಗಿನದಕ್ಕೆ ಕಾಯಂ ಮಿತಿಯನ್ನೂ ಎರಡರ ವ್ಯತ್ಯಾಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಆವಕದ ಕಾಲಕ್ಕೆ ಮಾತ್ರ ತಾತ್ಕಾಲಿಕ ಮಿತಿಯನ್ನೂ ಮಂಜೂರು ಮಾಡುವ ಬಗ್ಗೆ ನಮ್ಮ ಸಂಸ್ಥೆಯು ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಭೆಯಲ್ಲಿ ವಿಷಯವನ್ನು ಮಂಡಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.

ಜೊತೆಗೆ, ಹಂಗಾಮಿನ ಗದ್ದಲ ಇಳಿದ ಮೇಲೆ, ಏಪ್ರಿಲ್ ತಿಂಗಳ ಯಾವುದಾದರೊಂದು ರವಿವಾರ, ದಾಲ್ ಮಿಲ್ಲು, ಕಲ್ಲಿನ ಪಾಲಿಶ್ ಘಟಕ ಮತ್ತು ಸಿಮೆಂಟ್ ವ್ಯಾಪಾರದ ಸದಸ್ಯರಿಗಾಗಿ ಅರ್ಧ ದಿನದ ಒಂದು ಶಿಬಿರವನ್ನು ಏರ್ಪಡಿಸಿದರೆ ನಾನು ನನ್ನ ಇಬ್ಬರು ಸಹಾಯಕರೊಂದಿಗೆ ಬರಲು ಸಿದ್ಧನಿದ್ದೇನೆ. ಬರುವವರು ಕಂಪ್ಯೂಟರ್ ತರಬೇಕೆಂದಿಲ್ಲ. ಕಳೆದ ಹಂಗಾಮಿನ ಲಾಟು ಪುಸ್ತಕ ಅಥವಾ ಮಾರಾಟದ ರಿಜಿಸ್ಟರು, ಒಂದು ಚೌಕುಳಿ ಕಾಗದ, ಎರಡು ಬಣ್ಣದ ಪೆನ್ಸಿಲ್ ತಂದರೆ ಸಾಕು.